ಹಂದಿ ಬೋಟಿ ಸೂಪು: ತಿಂದವರು ಏನಂತಾರೆ, ತಿನ್ನದವರು ಏನಂತಾರೆ

ಎಲೆಕ್ಟ್ರಾನಿಕ್ ಸಿಟಿಯ ನೀಲಾದ್ರಿ ರಸ್ತೆ, ವೈಟ್‌ಫೀಲ್ಡ್ ಕಡೆಯ ಹೂಡಿ, ಕಾಡುಗೋಡಿ, ಪೀಣ್ಯದ ಮಗ್ಗುಲಿನ ಲಗ್ಗೆರೆ, ಹೆಗ್ಗನಹಳ್ಳಿ. ಈ ಕಡೆ ನಿಮ್ಮೂರಿನ ಹುಡುಗರು ಯಾರಾದರೂ ಕೆಲಸಕ್ಕಿದ್ದರೆ ಒಂದು ಮಾತು ಕೇಳಿ ನೋಡಿ: ಹಂದಿ ಮಾಂಸದ ಹೋಟೆಲಿಗೆ ಹೋಗಿದ್ದೀಯೇನಪ್ಪ? ಮೊದಲು ನಗುತ್ತಾರೆ. ಆಮೇಲೆ, ಮನೇಲಿ ಹೇಳ್ಬೇಡಿ ಅಂತಾರೆ.

ಅಸ್ಸಾಂ, ಮೇಘಾಲಯ, ನಾಗಾಲ್ಯಾಂಡ್, ಮಿಜೋರಾಂ, ಮಣಿಪುರದಿಂದ ಬಂದವರು ಈ ಹೊರವಲಯದಲ್ಲಿ ಸೆಕ್ಯೂರಿಟಿ, ಹೌಸ್‌ಕೀಪಿಂಗ್, ಬ್ಯೂಟಿ ಪಾರ್ಲರ್, ಕಾಲ್ ಸೆಂಟರ್ ಅಂತ ದುಡಿಯುತ್ತಾರೆ. ಅವರಿಗಾಗಿ ಶುರುವಾದ ಪುಟ್ಟ ಹೋಟೆಲುಗಳು ಇವು. ನಾಲ್ಕೈದು ಟೇಬಲ್ಲು, ಒಂದು ಗ್ಯಾಸ್ ಒಲೆ, ಅಡುಗೆಗೂ ಕ್ಯಾಶಿಗೂ ಒಬ್ಬರೇ. ಅನ್ನ, ಬಿದಿರು ಕಳಲೆ ಹಾಕಿದ ಹಂದಿ ಮಾಂಸ, ಹೊಗೆ ಹಾಕಿ ಒಣಗಿಸಿದ ಮಾಂಸ, ಜತೆಗೆ ಒಂದು ಬಟ್ಟಲು ಸೂಪು. ಆ ಸೂಪಿನಲ್ಲಿ ಕರುಳು, ಹೊಟ್ಟೆಚೀಲ, ಲಿವರ್, ಗುಂಡಿಗೆ, ಕೆಲವು ಕಡೆ ಕಿಡ್ನಿ. ನಮ್ಮ ಮಾತಿನಲ್ಲಿ ಹೇಳಿದರೆ ಹಂದಿ ಬೋಟಿ ಸೂಪು.

ಈ ಸೂಪಿನ ಬಗ್ಗೆ ನಮ್ಮ ಕಿವಿಗೆ ಎರಡು ಥರದ ಮಾತು ಬೀಳುತ್ತವೆ. ತಿಂದವರದ್ದು ಒಂದು, ಹೆಸರು ಕೇಳಿದವರದ್ದು ಇನ್ನೊಂದು. ಎರಡನೆಯವರ ದನಿಯೇ ಜೋರು. ನಮಗೆ ಮೊದಲನೆಯವರ ಮಾತು ಮುಖ್ಯ ಅನ್ನಿಸುತ್ತದೆ, ಯಾಕೆಂದರೆ ಅದರಲ್ಲಿ ಹೊಗಳಿಕೆಗಿಂತ ದೂರು ಜಾಸ್ತಿ. ದೂರಿನಲ್ಲೇ ತಿಳಿಯೋದು ಜಾಸ್ತಿ.

ಪೀಣ್ಯದಲ್ಲಿ ಲೇಥ್ ಮೇಲೆ ನಿಲ್ಲುವ ಶಿರಾ ಕಡೆಯ ಹುಡುಗನಿಗೆ ಮೊದಲ ಸಲ ಅದು ಸಪ್ಪೆ ಅನ್ನಿಸಿತಂತೆ. ಅವನಿಗೆ ಗೊತ್ತಿದ್ದುದು ಕುರಿ ಬೋಟಿ ಗೊಜ್ಜು. ಕಾರ, ಧನಿಯಾ, ಕೊಬ್ಬರಿ, ಚಕ್ಕೆ ಲವಂಗ ಹಾಕಿ ಮುದ್ದೆಗೆ ಅಂಟುವ ಹಾಗೆ ಮಾಡಿದ್ದು. ಇಲ್ಲಿ ನೋಡಿದರೆ ತಿಳಿ ನೀರು, ಶುಂಠಿ, ಮೆಣಸು, ಮೇಲೆ ಎರಡು ಎಲೆ ಸೊಪ್ಪು. ಬೆಂದ ನೀರನ್ನೇ ಕೊಟ್ಟವ್ರೆ ಅಂದುಕೊಂಡನಂತೆ. ಅದೇ ಹೋಟೆಲಿನ ಇನ್ನೊಂದು ಟೇಬಲ್ಲಿನಲ್ಲಿ ಶಿಲ್ಲಾಂಗ್ ಕಡೆಯ ಸೆಕ್ಯೂರಿಟಿ ಗಾರ್ಡಿನ ದೂರು ತಲೆಕೆಳಗು. ಇದು ನಮ್ಮೂರ ರುಚಿ ಅಲ್ಲ, ಬೆಂಗಳೂರಿನವರಿಗೆ ಅಂತ ಮಸಾಲೆ ಸುರಿದಿದ್ದಾರೆ ಅಂತ. ಒಂದೇ ಪಾತ್ರೆಯ ಸೂಪು, ಒಬ್ಬರಿಗೆ ಸಪ್ಪೆ, ಒಬ್ಬರಿಗೆ ಕಾರ. ಹೋಟೆಲಿನಾಕೆ ಇಬ್ಬರ ನಡುವೆ ಸಿಕ್ಕಿಕೊಂಡು, ಕೊನೆಗೆ ಟೇಬಲ್ಲಿನ ಮೇಲೆ ಹಸಿಮೆಣಸಿನ ಚಟ್ನಿ ಇಟ್ಟುಬಿಟ್ಟಿದ್ದಾರೆ. ಬೇಕಾದವರು ಬೆರೆಸಿಕೊಳ್ಳಲಿ.

ಮಡಿಕೇರಿ ಕಡೆಯ ಸಾಫ್ಟ್‌ವೇರ್ ಉದ್ಯೋಗಿಯೊಬ್ಬರಿಗೆ ಸೂಪು ಅನ್ನೋದೇ ಒಪ್ಪಿಗೆಯಿಲ್ಲ. ಹಂದಿ ಅಂದರೆ ಕಾಚಂಪುಳಿ ಹಾಕಿ ಕಪ್ಪಗೆ ಹುರಿದ ಪಂದಿ ಕರಿ, ಜತೆಗೆ ಕಡಂಬುಟ್ಟು. ಮಿಕ್ಕಿದ್ದೆಲ್ಲ ಕಾಯಿಲೆಯವರ ಊಟ ಅಂತಾರೆ. ಮಳವಳ್ಳಿ ಕಡೆಯ ಗಾರ್ಮೆಂಟ್ಸ್ ಹೆಣ್ಣುಮಗಳೊಬ್ಬಳು ಒಳಗೆ ಕೂತು ತಿನ್ನೋದಿಲ್ಲ, ಪಾರ್ಸಲ್ ತಗೊಂಡು ಹೋಗ್ತಾಳೆ. ಅವಳ ಮಾತು ನಮಗೆ ಎಲ್ಲರದಕ್ಕಿಂತ ತೂಕದ್ದಾಗಿ ಕಂಡಿತು. ಕರುಳು ಚೆನ್ನಾಗಿ ತೊಳೀತಾರೆ, ಆದ್ರೆ ಕಿಡ್ನಿ ವಾಸ್ನೆ ಬರುತ್ತೆ, ಅದರೊಳಗಿನ ಬಿಳಿ ತೆಗೆದಿರಲ್ಲ ಅಂದಳು. ಇದು ಅಡುಗೆ ಗೊತ್ತಿರೋರ ಮಾತು. ನಕ್ಷತ್ರ ಒತ್ತಿ ಹೋಗೋರ ಮಾತಲ್ಲ.

ಮನೆಯಲ್ಲಿ ಬೋಟಿ ಮಾಡಿದವರಿಗೆ ಈ ಕೆಲಸ ಗೊತ್ತು. ಕರುಳನ್ನು ಕಡ್ಡಿ ಕೊಟ್ಟು ಒಳಮೈ ಹೊರಗೆ ಬರುವ ಹಾಗೆ ಮಗುಚಬೇಕು. ಕಲ್ಲುಪ್ಪು, ಅರಿಶಿನ ಹಾಕಿ ಉಜ್ಜಬೇಕು, ತೊಳೆಯಬೇಕು, ಮತ್ತೆ ಉಜ್ಜಬೇಕು. ಹೊಟ್ಟೆಚೀಲದ ಲೋಳೆಯನ್ನು ಬಿಸಿನೀರು ಹಾಕಿ ಚಾಕುವಿನಿಂದ ಕೆರೆಯಬೇಕು. ಕಿಡ್ನಿಯನ್ನು ಸೀಳಿ ನಡುವಿನ ಬಿಳಿ ನಾಳ ತೆಗೆಯದಿದ್ದರೆ ಉಚ್ಚೆ ವಾಸನೆ ಹೋಗೋದೇ ಇಲ್ಲ. ಮೊದಲ ಕುದಿಯ ನೀರನ್ನು ಚೆಲ್ಲಿ ಹೊಸ ನೀರು ಇಡಬೇಕು. ಕರುಳಿಗೆ, ಹೊಟ್ಟೆಗೆ ಒಂದು ಗಂಟೆಗೂ ಮೇಲೆ ಬೇಯುವ ಪುರುಸೊತ್ತು ಬೇಕು. ಲಿವರ್ ಕೊನೆಯಲ್ಲಿ ಹಾಕುವಂಥದ್ದು, ಮೊದಲೇ ಹಾಕಿದರೆ ರಬ್ಬರು. ಲಿವರ್ ಗಟ್ಟಿ ಇತ್ತು ಅಂತ ಬೈದವರ ದೂರು ಈ ಲೆಕ್ಕದಲ್ಲಿ ನ್ಯಾಯವಾದದ್ದೇ. ಎಲ್ಲವನ್ನೂ ಒಂದೇ ಪಾತ್ರೆಗೆ ಒಂದೇ ಸಲ ಸುರಿದಿದ್ದಾರೆ ಅಂತ ಅರ್ಥ.

ಇಷ್ಟಕ್ಕೆಲ್ಲ ಬೇಕಾದ್ದು ನೀರು, ಅದೂ ಬಿಂದಿಗೆ ಲೆಕ್ಕದಲ್ಲಲ್ಲ. ಅಗ್ಗದ ಊಟ ಅಂತ ಕಂಡರೂ ಬೋಟಿಯ ನಿಜವಾದ ಖರ್ಚು ಕೂಲಿ ಮತ್ತು ನೀರಿನದು. ಈ ಹೊರವಲಯದ ಬಹಳಷ್ಟು ಬೀದಿಗಳು ಬದುಕಿರೋದು ಬೋರ್‌ವೆಲ್ಲು ಮತ್ತು ಟ್ಯಾಂಕರಿನ ಮೇಲೆ. 2024ರ ಬೇಸಿಗೆ ನೆನಪಿದೆಯಲ್ಲ, ಬೆಂಗಳೂರಿನಲ್ಲಿ ಸಾವಿರಾರು ಬೋರ್‌ವೆಲ್ ಬತ್ತಿ, ವೈಟ್‌ಫೀಲ್ಡ್ ಕಡೆಯ ಅಪಾರ್ಟ್‌ಮೆಂಟಿನವರೂ ಬಕೆಟ್ ಹಿಡಿದು ನಿಂತಿದ್ದು? ಅಂಥ ದಿನಗಳಲ್ಲಿ ಒಂದು ಹೋಟೆಲು ಕರುಳನ್ನು ನಾಲ್ಕು ನೀರಿನಲ್ಲಿ ತೊಳೆಯುತ್ತದೋ ಎರಡರಲ್ಲಿ ಮುಗಿಸುತ್ತದೋ, ಅದನ್ನು ಯಾವ ಆಪ್ ತೋರಿಸುತ್ತದೆ? ನಮ್ಮನ್ನು ಕೇಳಿದರೆ ಬೇಸಿಗೆಯಲ್ಲಿ ಟ್ಯಾಂಕರ್ ಬರದ ವಾರ ಬೋಟಿ ಸೂಪು ಮಾಡದಿರುವ ಹೋಟೆಲೇ ನಂಬಿಕಸ್ತ ಹೋಟೆಲು. ಇವತ್ತು ಇಲ್ಲ ಅನ್ನೋ ಉತ್ತರ ಕೇಳಿ ಬೇಜಾರಾಗಬೇಡಿ.

ಈಗ ಹೆಸರು ಕೇಳಿದವರ ಮಾತಿಗೆ ಬರೋಣ. ಅದರಲ್ಲಿ ಮೊದಲನೆಯದು ಹುಳದ ಮಾತು. ಹಂದಿ ತಿಂದರೆ ತಲೆಗೆ ಹುಳ ಹೋಗುತ್ತದೆ, ಫಿಟ್ಸ್ ಬರುತ್ತದೆ. ಈ ಮಾತು ಪೂರ್ತಿ ಸುಳ್ಳಲ್ಲ, ಆದರೆ ಹೇಳುವ ರೀತಿ ತಪ್ಪು. ಸರಿಯಾಗಿ ಬೇಯದ ಹಂದಿ ಮಾಂಸದಲ್ಲಿ ಲಾಡಿಹುಳುವಿನ ಮರಿಗೂಡು ಇದ್ದರೆ, ತಿಂದವನ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ. ಮಿದುಳಿಗೆ ಹೋಗಿ ಫಿಟ್ಸ್ ತರುವುದು ಆ ಹುಳದ ಮೊಟ್ಟೆ ಹೊಟ್ಟೆಗೆ ಹೋದಾಗ. ಆ ಮೊಟ್ಟೆ ಬರುವುದು ಎಲ್ಲಿಂದ? ಲಾಡಿಹುಳು ಇರುವ ಮನುಷ್ಯನ ಮಲದಿಂದ. ತೊಳೆಯದ ಕೈ, ಕೊಳಚೆ ಸೇರಿದ ನೀರು, ಕೊಳಚೆ ನೀರಿನಲ್ಲಿ ಬೆಳೆದ ಹಸಿ ಸೊಪ್ಪು, ತರಕಾರಿ, ಇವುಗಳ ಮೂಲಕ. ಹಾಗಾಗಿಯೇ ಹುಟ್ಟಿದಂದಿನಿಂದ ಮಾಂಸ ಮುಟ್ಟದವರಿಗೂ ಈ ಕಾಯಿಲೆ ಬರುತ್ತದೆ. ಗಂಟೆಗಟ್ಟಲೆ ಕುದಿದ ಸೂಪಿನಲ್ಲಿ ಹುಳವೂ ಉಳಿಯಲ್ಲ, ಮೊಟ್ಟೆಯೂ ಉಳಿಯಲ್ಲ. ಭಯಪಡಬೇಕಾದ್ದು ಅರೆಬೆಂದ ಫ್ರೈಗೆ, ಪಕ್ಕದಲ್ಲಿ ಹೆಚ್ಚಿಟ್ಟ ತೊಳೆಯದ ಸೌತೆಕಾಯಿಗೆ, ಕಕ್ಕಸಿನಿಂದ ಬಂದು ಸೋಪು ಮುಟ್ಟದ ಕೈಗೆ. ಅಂಥ ಕೈ ಶುದ್ಧ ಸಸ್ಯಾಹಾರಿ ದರ್ಶಿನಿಯಲ್ಲೂ ಇರಬಹುದು.

ಎರಡನೆಯದು, ಹಂದಿ ಕೊಳಕು ತಿನ್ನುತ್ತದೆ ಅನ್ನೋದು. ಇದಕ್ಕೂ ನಮ್ಮಲ್ಲಿ ಪೂರ್ತಿ ತಳ್ಳಿಹಾಕುವ ಉತ್ತರ ಇಲ್ಲ. ಬೀದಿಯ ಹಂದಿ ಬೇರೆ, ಫಾರಂನಲ್ಲಿ ಸಾಕಿದ ಬಿಳಿ ಸೀಮೆಹಂದಿ ಬೇರೆ. ಆದರೆ ಬೆಂಗಳೂರಿನ ಸುತ್ತಲಿನ ಎಷ್ಟೋ ಫಾರಂಗಳು ನಡೆಯುವುದೇ ಹೋಟೆಲು, ಪಿಜಿ, ಕ್ಯಾಂಟೀನುಗಳಲ್ಲಿ ಮಿಕ್ಕ ಅನ್ನ ಸಾರಿನ ಮೇಲೆ. ಡ್ರಮ್ಮುಗಳಲ್ಲಿ ತುಂಬಿಕೊಂಡು ಹೋಗುವ ಗಾಡಿಗಳನ್ನು ನೀವೂ ನೋಡಿರುತ್ತೀರಿ. ಟೆಕ್ ಪಾರ್ಕಿನವರು ಎಸೆದ ಪಲಾವು ಹಂದಿಯ ಹೊಟ್ಟೆ ಸೇರಿ, ಆ ಹಂದಿಯ ಹೊಟ್ಟೆಚೀಲ ಟೆಕ್ ಪಾರ್ಕಿನ ಸೆಕ್ಯೂರಿಟಿಯವನ ಸೂಪಿಗೆ ಬರುತ್ತದೆ. ಇದರಲ್ಲಿ ಅಸಹ್ಯ ಏನಿಲ್ಲ, ಒಂದು ಲೆಕ್ಕದಲ್ಲಿ ಒಳ್ಳೆಯದೇ. ತೊಂದರೆ ಇರೋದು ಆ ಮುಸುರೆಯನ್ನು ಕುದಿಸದೆ ಹಾಕುವುದರಲ್ಲಿ. 2020ರಲ್ಲಿ ಅಸ್ಸಾಂ, ಅರುಣಾಚಲದಲ್ಲಿ ಕಾಣಿಸಿಕೊಂಡು ದೇಶಕ್ಕೆ ಕಾಲಿಟ್ಟ ಆಫ್ರಿಕನ್ ಹಂದಿಜ್ವರ ಹರಡುವ ಒಂದು ದಾರಿಯೇ ಇದು. ಮನುಷ್ಯನಿಗೆ ಆ ಜ್ವರ ಅಂಟುವುದಿಲ್ಲ, ಆದರೆ ದೊಡ್ಡಿಗೆ ದೊಡ್ಡಿಯೇ ಖಾಲಿಯಾಗುತ್ತದೆ. ನಮ್ಮ ಓದುಗರಲ್ಲಿ ಹಂದಿ ಸಾಕುವವರಿದ್ದರೆ ಈ ಒಂದು ಸಾಲು ಅವರಿಗೆ: ಹೋಟೆಲ್ ಮುಸುರೆ ಹಾಕೋದಾದರೆ ಚೆನ್ನಾಗಿ ಕುದಿಸಿ ಹಾಕಿ.

ಹೋಟೆಲಿನವರನ್ನು ಕೇಳಬೇಕಾದ ಪ್ರಶ್ನೆಯೂ ಇಲ್ಲೇ ಇದೆ. ಮಾಂಸ ಎಲ್ಲಿಂದ ಬಂತು, ಯಾವಾಗ ಕೊಯ್ದದ್ದು? ಬೋಟಿ ಮಾಂಸಕ್ಕಿಂತ ಬೇಗ ಕೆಡುತ್ತದೆ. ಬೆಳಿಗ್ಗೆ ಕೊಯ್ದದ್ದನ್ನು ಅವತ್ತೇ ತೊಳೆದು ಬೇಯಿಸಬೇಕು, ಇಲ್ಲವೇ ಐಸಿನಲ್ಲಿಡಬೇಕು. 2006ರ ಆಹಾರ ಸುರಕ್ಷತೆ ಕಾಯ್ದೆಯ ಪ್ರಕಾರ ತಳ್ಳುಗಾಡಿಯವರೂ ನೋಂದಣಿ ಮಾಡಿಸಬೇಕು, ಹೋಟೆಲಿನವರು ನಂಬರನ್ನು ಕಾಣುವ ಹಾಗೆ ಹಾಕಬೇಕು. ಹಾಕಿದ್ದಾರೋ ಅಂತ ಒಂದು ಸಲ ಕಣ್ಣಾಡಿಸಿ. ಮುಂದಿನ ಬೀದಿಯ ಬಿರಿಯಾನಿ ಅಂಗಡಿಯಲ್ಲೂ ಹಾಗೇ ಕಣ್ಣಾಡಿಸಿ. ಹಂದಿಗೆ ಮಾತ್ರ ಈ ಪರೀಕ್ಷೆ ಇಡುವುದಾದರೆ ಅದು ಪರೀಕ್ಷೆ ಅಲ್ಲ.

ಇನ್ನು ಮೂರನೆಯ ಮಾತು. ಇದನ್ನು ಯಾರೂ ನೇರವಾಗಿ ಆಡುವುದಿಲ್ಲ. ಮನೆ ಓನರ್ ವಾಸನೆ ಅಂತಾರೆ. ಪಕ್ಕದ ಅಂಗಡಿಯವರು ಫ್ಯಾಮಿಲಿ ಏರಿಯಾ ಅಂತಾರೆ. ಫೋನಿನಲ್ಲಿ ಒಂದು ನಕ್ಷತ್ರ ಒತ್ತಿ, ಥೂ ಅಂತ ಬರೆದು ಹೋಗ್ತಾರೆ, ಒಳಗೆ ಕಾಲಿಟ್ಟಿರುವುದೇ ಇಲ್ಲ. ಬಾಡಿಗೆ ಕರಾರು ಹನ್ನೊಂದು ತಿಂಗಳದ್ದು. ಹನ್ನೆರಡನೇ ತಿಂಗಳು ಹೋಟೆಲು ಇನ್ನೊಂದು ಗಲ್ಲಿಗೆ ಹೋಗಿರುತ್ತದೆ.

2012ರ ಆಗಸ್ಟ್ ತಿಂಗಳನ್ನು ಮರೆತವರಿಗೆ ನೆನಪಿಸುತ್ತೇವೆ. ಮೊಬೈಲಿನಲ್ಲಿ ಹರಡಿದ ವದಂತಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಎರಡು ಮೂರು ದಿನದಲ್ಲಿ ಬೆಂಗಳೂರು ಬಿಟ್ಟರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಗೇಟಿನಲ್ಲಿ ಸೆಕ್ಯೂರಿಟಿ ಇಲ್ಲ, ಪಾರ್ಲರು ಮುಚ್ಚಿದೆ, ಹೋಟೆಲಿನಲ್ಲಿ ಸಪ್ಲೈ ಮಾಡೋರಿಲ್ಲ ಅಂದಾಗಲೇ ಊರಿಗೆ ಗೊತ್ತಾಗಿದ್ದು ಇವರು ಎಷ್ಟು ಜನ ಇದ್ದರು ಅಂತ. ಆಮೇಲೆ ವಾಪಸ್ ಬಂದರು, ಇನ್ನಷ್ಟು ಜನ ಬಂದರು. ಕೆಲಸಕ್ಕೆ ಬೇಕು, ಬಾಡಿಗೆಗೂ ಬೇಕು, ಅವರ ಒಲೆ ಮಾತ್ರ ಬೇಡ ಅಂದರೆ ಹೇಗೆ? 2007ರಲ್ಲಿ ದೆಹಲಿ ಪೊಲೀಸರು ಈಶಾನ್ಯದ ವಿದ್ಯಾರ್ಥಿಗಳಿಗೆ ಒಂದು ಕಿರುಪುಸ್ತಕ ಕೊಟ್ಟು, ವಾಸನೆ ಬರುವ ಅಡುಗೆ ಮಾಡಿ ಅಕ್ಕಪಕ್ಕದವರಿಗೆ ತೊಂದರೆ ಕೊಡಬೇಡಿ ಅಂತ ಬುದ್ಧಿ ಹೇಳಿದ್ದರು. ನಮ್ಮಲ್ಲಿ ಪುಸ್ತಕ ಅಚ್ಚು ಹಾಕಿಲ್ಲ, ಅಷ್ಟೇ ವ್ಯತ್ಯಾಸ.

ಅಂದಹಾಗೆ ಹಂದಿ ಇವರು ರೈಲಿನಲ್ಲಿ ತಂದದ್ದೇನಲ್ಲ. ಮಲೆನಾಡಿನಲ್ಲಿ ಕಡುಬು ಹಂದಿ ಸಾರು ಅಂದರೆ ಹಬ್ಬ. ಕೊಡಗಿನ ಕೈಲ್‌ಪೊಳ್ದ್ ಹಂದಿ ಮಾಂಸವಿಲ್ಲದೆ ಆಗುವುದಿಲ್ಲ. ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಹಂದಿಯ ಗುಂಡಿಗೆ, ಕರುಳು ಸೇರಿಸಿ ಮಾಡುವ ಅಡುಗೆ ಇದೆ. ಗೋವಾದ ಸೊರ್ಪೊತೆಲ್‌ಗೆ ಲಿವರ್ ಇಲ್ಲದಿದ್ದರೆ ಹೆಸರೇ ಇಲ್ಲ. ವೈಟ್‌ಫೀಲ್ಡ್ ಅನ್ನೋ ಊರನ್ನೇ 1880ರ ದಶಕದಲ್ಲಿ ಮೈಸೂರು ಮಹಾರಾಜರು ಕೊಟ್ಟ ಜಮೀನಿನಲ್ಲಿ ಆಂಗ್ಲೋ ಇಂಡಿಯನ್ನರಿಗಾಗಿ ಕಟ್ಟಿದ್ದು. ಅವರ ಅಡುಗೆಮನೆಗೂ ಹಂದಿ ಹೊಸದಾಗಿರಲಿಲ್ಲ. ಸಿಂಗಾಪುರದಲ್ಲಿ ಹಂದಿ ಬೋಟಿ ಸೂಪಿಗೆ ಅಂತಲೇ ಅಂಗಡಿಗಳಿವೆ. ಇಂಥ ಅಂಗಡಿಗಳಿರುವ ಅಲ್ಲಿನ ಬೀದಿ ಊಟದ ಸಂಸ್ಕೃತಿಯನ್ನು 2020ರಲ್ಲಿ ಯುನೆಸ್ಕೊ ತನ್ನ ಪಟ್ಟಿಗೆ ಸೇರಿಸಿತು. ನಮ್ಮಲ್ಲೂ ಮಾನ ಸಿಗುತ್ತದೆ, ಆದರೆ ಹೆಸರು ಬದಲಾಯಿಸಿಕೊಂಡರೆ. ರೆಸಾರ್ಟಿನ ಮೆನುವಿನಲ್ಲಿ ಪಂದಿ ಕರಿ ಅಂತ ಇದ್ದರೆ ನೂರಾರು ರೂಪಾಯಿ ಕೊಟ್ಟು ಫೋಟೊ ತೆಗೆದು ಹಾಕುತ್ತಾರೆ. ಪ್ರಾಣಿ ಅದೇ.

ಊರ ಕಡೆ ಬಂದರೆ ಹಂದಿ ಅನ್ನೋದು ಬೈಗುಳ. ಹಂದಿ ಸಾಕಿ ಬದುಕಿದ ಸಮುದಾಯಗಳನ್ನು ಊರಾಚೆ ಇಟ್ಟದ್ದು ನಾವೇ. ಹಂದಿಜೋಗಿ ಅಂತ ಜಾತಿಯ ಹೆಸರಿನಲ್ಲೇ ಆ ಪ್ರಾಣಿಯನ್ನು ಅಂಟಿಸಿದ್ದೂ ನಮ್ಮ ಸಮಾಜವೇ. ರಾತ್ರಿ ಗೆಳೆಯರ ಜತೆ ತೋಟದಲ್ಲಿ ಬೇಯಿಸಿ ತಿಂದು, ಬೆಳಿಗ್ಗೆ ಬಾಯಿ ಮುಚ್ಚಿಕೊಳ್ಳುವವರು ಪ್ರತಿ ಊರಲ್ಲೂ ಇದ್ದಾರೆ. 2024ರ ಡಿಸೆಂಬರಿನಲ್ಲಿ ಮಂಡ್ಯದ 87ನೇ ಸಾಹಿತ್ಯ ಸಮ್ಮೇಳನದ ಮಳಿಗೆ ನಿಯಮದಲ್ಲಿ ಮದ್ಯ, ತಂಬಾಕಿನ ಜತೆ ಒಂದೇ ಸಾಲಿನಲ್ಲಿ ಮಾಂಸಾಹಾರವನ್ನೂ ನಿಷೇಧಿಸಿದಾಗ ಎದ್ದ ಬಾಡೂಟದ ಗಲಾಟೆ ನಿಮಗೆ ಗೊತ್ತೇ ಇದೆ. ಆ ಸಿಟ್ಟು ನ್ಯಾಯವಾದದ್ದು, ನಾವೂ ಅದರ ಪರ. ಆದರೆ ನಮ್ಮ ಕಿವಿಗೆ ಬಿದ್ದಿದ್ದು ಕೋಳಿ, ಕುರಿ, ಮೊಟ್ಟೆಯ ಹೆಸರು. ಬಾಡಿನ ಪರ ನಿಂತವರ ನಾಲಗೆಗೂ ಹಂದಿ ಅನ್ನೋ ಪದ ಬರಲಿಲ್ಲ. ನಮ್ಮ ಮೇಲೆ ಅಸಹ್ಯಪಟ್ಟವರ ಮೇಲೆ ಸಿಟ್ಟಾಗುವ ನಾವು, ನಮಗಿಂತ ಒಂದು ಮೆಟ್ಟಿಲು ಕೆಳಗಿನ ತಟ್ಟೆಯನ್ನು ಕಂಡು ಅದೇ ಮುಖ ಮಾಡುತ್ತೇವೆ.

ಬೇಡ ಅನ್ನುವ ಹಕ್ಕು ಎಲ್ಲರಿಗೂ ಇದೆ, ಅದರಲ್ಲಿ ಎರಡು ಮಾತಿಲ್ಲ. ಮುಸ್ಲಿಮರಿಗೆ ಹಂದಿ ಹರಾಮು. ಅದು ಅವರ ಧರ್ಮ, ಅದನ್ನು ಅಸಹ್ಯದ ಲೆಕ್ಕಕ್ಕೆ ಸೇರಿಸಬಾರದು. ಕುರಿ ಕೋಳಿ ತಿಂದೂ ಹಂದಿ ಬೇಡ ಅನ್ನುವ ಮನೆಗಳೂ ಇವೆ. ಇವರೆಲ್ಲರ ಸಲುವಾಗಿ ನಮ್ಮದೊಂದು ತಕರಾರು ಈ ಹೋಟೆಲಿನವರ ಮೇಲೂ ಇದೆ. 2024ರ ತಿದ್ದುಪಡಿ ಆದಮೇಲೆ ಹೊರಗಿನ ಬೋರ್ಡಿನಲ್ಲಿ ಶೇ 60 ಕನ್ನಡ ಬರೆಸಿದ್ದಾರೆ. ಒಳಗಿನ ಮೆನು ಪೂರ್ತಿ ಇಂಗ್ಲಿಷು. ನಮ್ಮ ಹಳ್ಳಿ ಹುಡುಗನಿಗೆ ಪೋರ್ಕ್ ಅನ್ನೋ ಪದ ಗೊತ್ತಿರಬಹುದು, ಗೊತ್ತಿಲ್ಲದೆಯೂ ಇರಬಹುದು. ಒಳಭಾಗಗಳಿಗೆ ಬರೆದಿರುವ ಇಂಗ್ಲಿಷ್ ಪದಗಳಂತೂ ನಮಗೇ ಒಮ್ಮೆಗೆ ತಿಳಿಯಲಿಲ್ಲ. ಚಿಕನ್ ಫ್ರೈಡ್ ರೈಸ್ ಕೇಳಿ ಬಂದವರಿಗೆ ಅದೇ ಬಾಣಲೆ, ಅದೇ ಎಣ್ಣೆಯಲ್ಲಿ ಮಾಡಿ ಕೊಟ್ಟರೆ ಅದು ಮೋಸ. ಬಾಣಲೆ ಬೇರೆ ಇಡಿ, ಇಡಲು ಜಾಗ ಇಲ್ಲದಿದ್ದರೆ ಇಲ್ಲ ಅಂತ ಬರೆದು ಹಾಕಿ.

ತಿನ್ನುವವರಿಗೂ ಒಂದೆರಡು ಮಾತು. ಬೋಟಿ ಬಡವರ ಟಾನಿಕ್ಕು ಅಂತ ಊರಲ್ಲಿ ಹೇಳೋದರಲ್ಲಿ ಹುರುಳಿದೆ. ಲಿವರಿನಲ್ಲಿ ಕಬ್ಬಿಣದ ಅಂಶ, ಬಿ12 ಎರಡೂ ಚೆನ್ನಾಗಿವೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿಗೆ ರಕ್ತ ಕಮ್ಮಿ. ಗಾರ್ಮೆಂಟ್ಸಿನಲ್ಲಿ ದಿನವಿಡೀ ಮೆಷಿನ್ ತುಳಿಯುವ ಹೆಣ್ಣುಮಕ್ಕಳಿಗೆ ಮಟನ್ ಕೈಗೆಟುಕದ ಬೆಲೆಗೆ ಹೋಗಿ ಎಷ್ಟೋ ವರ್ಷ ಆಯಿತು. ಹಂದಿ ಮಾಂಸ ಸುಮಾರು ಅದರ ಅರ್ಧ ಬೆಲೆಗೆ ಸಿಗುತ್ತದೆ, ಬೋಟಿ ಇನ್ನೂ ಕಡಿಮೆಗೆ. ಆದರೆ ಕೊಲೆಸ್ಟರಾಲ್ ಇರುವವರು, ಯೂರಿಕ್ ಆಸಿಡ್ ಜಾಸ್ತಿಯಾಗಿ ಕಾಲ್ಬೆರಳು ಊದುವವರು ದೂರ ಇರುವುದೇ ಮೇಲು. ಬಸುರಿ ಹೆಂಗಸರು ಲಿವರ್ ತಿನ್ನುವ ಮುಂಚೆ ಡಾಕ್ಟರನ್ನು ಕೇಳಲಿ, ಅದರಲ್ಲಿ ವಿಟಮಿನ್ ಎ ವಿಪರೀತ. ಇದು ಕುರಿ ಲಿವರಿಗೂ ಅನ್ವಯ.

ಒಂದು ವಿಷಯ ಗಮನಿಸಿದೆವು. ಈ ಹೋಟೆಲುಗಳ ಬಗ್ಗೆ ಫೋನಿನಲ್ಲಿ ಬರೆದ ಅಭಿಪ್ರಾಯಗಳಲ್ಲಿ ಕನ್ನಡ ಹುಡುಕಿದರೂ ಸಿಗುವುದು ಕಷ್ಟ. ತಿನ್ನುವ ನಮ್ಮವರು ಬರೆಯುವುದಿಲ್ಲ, ಹೆಸರು ಕಾಣುತ್ತದಲ್ಲ, ಊರಿನವರು ಯಾರಾದರೂ ನೋಡಿಯಾರು ಅನ್ನೋ ಭಯ. ಶಿರಾ ಹುಡುಗ ಈಗ ವಾರಕ್ಕೆರಡು ಸಲ ಹೋಗುತ್ತಾನೆ, ಚಟ್ನಿ ಬೆರೆಸದೆಯೇ ಕುಡಿಯುತ್ತಾನೆ. ರಾತ್ರಿ ಅವ್ವ ಫೋನ್ ಮಾಡಿ ಏನ್ ಉಂಡೆ ಮಗ ಅಂದರೆ, ಅನ್ನ ಸಾರು ಅಂತಾನೆ. ಮಳವಳ್ಳಿಯ ಹೆಣ್ಣುಮಗಳ ಕಿಡ್ನಿ ದೂರು ಹೋಟೆಲಿನಾಕೆಯ ಕಿವಿಗೆ ಇನ್ನೂ ಬಿದ್ದಿಲ್ಲ. ಇಬ್ಬರಿಗೂ ಇರುವ ಭಾಷೆ ಅಂದರೆ ಮುರುಕು ಹಿಂದಿ, ಅದರಲ್ಲಿ ಬಿಳಿ ನಾಳಕ್ಕೆ ಏನನ್ನುತ್ತಾರೆ ಅಂತ ಇವಳಿಗೆ ಗೊತ್ತಿಲ್ಲ. ನಾವು ಹೇಳಲೇ ಅಂತ ಕೇಳಿದೆವು. ಬೇಡ, ಮುಂದಿನ ಭಾನುವಾರ ನಾನೇ ಅಡುಗೆಮನೆಗೆ ಹೋಗಿ ತೋರಿಸ್ತೀನಿ ಅಂದಳು.